ಮೆಸ್ಸಿಗೆ ಬೀಗ, ಕಾಲುವೆ ಮೇಲೆ ಮನೆ

ಆ ಅರ್ಜಿಗೆ ನಾನೂ ಸಹಿ ಹಾಕಿದ್ದೆ. ಮೊದಲೇ ಹೇಳಿಬಿಡ್ತೀನಿ, ಆಮೇಲೆ ನೀವು ಕಂಡುಹಿಡಿದು ಬೈಯೋದು ಬೇಡ.

ನಮ್ಮದು ಬೆಂಗಳೂರು ದಕ್ಷಿಣದ ಒಂದು ಬಡಾವಣೆ. ಮೂವತ್ತಡಿ ರಸ್ತೆ, ಮೂವತ್ತು-ನಲವತ್ತರ ಸೈಟುಗಳು. ನಮ್ಮ ಮನೆಯಿಂದ ನಾಲ್ಕನೇ ಮನೆಯ ಅಕ್ಕ, ಗಂಡ ತೀರಿಕೊಂಡ ಮೇಲೆ ಕಾರು ಮಾರಿ, ಖಾಲಿಯಾದ ಗ್ಯಾರೇಜಿನಲ್ಲಿ ಒಂದು ಮೆಸ್ ಶುರು ಮಾಡಿದರು. ಬೋರ್ಡಿಲ್ಲ, ಮೆನು ಇಲ್ಲ. ಎರಡು ಹೊತ್ತು ಅನ್ನ, ಸಾರು, ಪಲ್ಯ, ಮಜ್ಜಿಗೆ. ವಾರಕ್ಕೆರಡು ದಿನ ಮುದ್ದೆ, ಬಸ್ಸಾರು. ಸುತ್ತಲಿನ ಪೀಜಿಗಳ ಹುಡುಗರು ಮೂವತ್ತು ಜನ ಬಂದು ಉಂಡು ಹೋಗ್ತಿದ್ದರು. ರಾತ್ರಿ ಹತ್ತಕ್ಕೆ ಎಲ್ಲ ಮುಗಿದು ಗ್ಯಾರೇಜು ತೊಳೆದಾಗಿರುತ್ತಿತ್ತು.

ಆರು ತಿಂಗಳಾದ ಮೇಲೆ ಒಂದು ಭಾನುವಾರ ನಮ್ಮ ನಿವಾಸಿಗಳ ಸಂಘದ ಕಾರ್ಯದರ್ಶಿ ಕಾಗದ ಹಿಡಿದುಕೊಂಡು ಬಂದರು. ನಿವೃತ್ತ ಇಂಜಿನಿಯರು, ಶಿಸ್ತಿನ ಮನುಷ್ಯ. "ಇದು ರೆಸಿಡೆನ್ಶಿಯಲ್ ಝೋನ್ ಕಣ್ರೀ. ಇವತ್ತು ಮೆಸ್ಸು ಅಂತೀವಿ, ನಾಳೆ ಬಾರು ಬರುತ್ತೆ, ನಾಡಿದ್ದು ಗ್ಯಾಸ್ ಗೋಡೌನು. ಈಗಲೇ ಚಿವುಟಬೇಕು" ಅಂದರು. ಆ ವಾರ ಎರಡು ಸಲ ನಮ್ಮ ಗೇಟಿಗೆ ಅಡ್ಡ ಯಾರೋ ಬೈಕ್ ನಿಲ್ಲಿಸಿದ್ದರು. ಆ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ಸಹಿ ಹಾಕಿದೆ. ಒಂದು ತಿಂಗಳೊಳಗೆ ನೋಟಿಸು ಬಂತು, ಇಬ್ಬರು ಅಧಿಕಾರಿಗಳು ಬಂದರು, ಮೆಸ್ಸು ನಿಂತಿತು.

ಅಕ್ಕನಿಗೆ ಸಹಿ ಹಾಕಿದವರ ಪಟ್ಟಿ ಯಾರು ತೋರಿಸಿದರೋ ಕಾಣೆ. ಹಾಲಿನ ಬೂತಿನ ಹತ್ತಿರ ಸಿಕ್ಕಾಗ ಜಗಳ ಆಡಲಿಲ್ಲ. "ಸಾರ್, ಗಾಡಿ ನಿಲ್ಲಿಸ್ತಾರೆ ಅಂತ ಒಂದು ಮಾತು ಹೇಳಿದ್ರೆ ನಾನೇ ಹುಡುಗರಿಗೆ ಹೇಳ್ತಿದ್ನಲ್ಲ" ಅಂದರು, ಅಷ್ಟೇ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಈಗ ಅದೇ ಬೀದಿಯ ಇನ್ನೊಂದು ತುದಿಗೆ ಬನ್ನಿ. ಅಲ್ಲಿ ಒಂದು ಕಾಲುವೆ ಇತ್ತು. ನಾವು ಸೈಟು ತಗೊಂಡಾಗ ಮಳೆಗಾಲದಲ್ಲಿ ಅದರ ಸದ್ದು ನಮ್ಮ ಮನೆಗೆ ಕೇಳ್ತಿತ್ತು. ಮೊದಲು ಅದರ ಮೇಲೆ ಚಪ್ಪಡಿ ಬಿತ್ತು. ಚಪ್ಪಡಿ ಮೇಲೆ ಮಣ್ಣು. ಮಣ್ಣಿನ ಮೇಲೆ ನಾಲ್ಕಂತಸ್ತಿನ ಮನೆ. ಬಾಡಿಗೆಗೆ ಎಂಟು ಸಂಸಾರ. ಅದರ ವಿರುದ್ಧ ಯಾರೂ ಅರ್ಜಿ ಹಿಡಿದು ಬರಲಿಲ್ಲ. ಯಾಕೆ ಬರ್ತಾರೆ? ಅದು ಮನೆ, ಬೀದಿ ವಸತಿ ವಲಯ. ಬಣ್ಣಕ್ಕೆ ಬಣ್ಣ ಹೊಂದಿಕೆಯಾಗಿದೆ! ಮುಂದಿನ ಮಳೆಗಾಲಕ್ಕೆ ಕೆಳಗಿನ ಅಡ್ಡರಸ್ತೆಯ ಮನೆಗಳ ನಡುಮನೆಗೆ ನೀರು ನುಗ್ಗಿತು. ಅವರು ಅಕ್ಕಿ ಮೂಟೆಯನ್ನು ಮಂಚದ ಮೇಲಿಟ್ಟು, ತಾವು ನಿಂತುಕೊಂಡು ರಾತ್ರಿ ಕಳೆದರು.

ಅನ್ನ ಹಾಕೋ ಗ್ಯಾರೇಜು ಅಪರಾಧ, ನೀರಿನ ದಾರಿ ಮುಚ್ಚಿದ ಮನೆ ಅಪರಾಧವಲ್ಲ. ನಮ್ಮ ಝೋನಿಂಗ್ ಬಗ್ಗೆ ನನಗಿರೋ ತಕರಾರೆಲ್ಲ ಈ ಒಂದು ಬೀದಿಯಲ್ಲೇ ಇದೆ.

ಈ ಕತೆಯನ್ನು ನನ್ನೊಬ್ಬ ಗೆಳೆಯನಿಗೆ ಹೇಳಿದೆ. ಅವನು ಮಾರುಕಟ್ಟೆ ಭಕ್ತ. ಟೊಮೇಟೊ ಬೆಲೆಯಿಂದ ಹಿಡಿದು ಮದುವೆ ಸಂಬಂಧದವರೆಗೆ ಎಲ್ಲವೂ ಬೇಡಿಕೆ-ಪೂರೈಕೆಯಲ್ಲೇ ತೀರ್ಮಾನ ಆಗಬೇಕು ಅನ್ನೋನು. "ನೋಡಿದ್ಯಾ, ಅದಕ್ಕೇ ಹೇಳೋದು, ಝೋನಿಂಗ್ ಅನ್ನೋದೇ ಬೇಡ. ಅವರವರ ಜಾಗ, ಅವರವರ ಇಷ್ಟ. ಹ್ಯೂಸ್ಟನ್ ನೋಡು!" ಅಂದ.

ಸರಿ, ಹ್ಯೂಸ್ಟನ್ನನ್ನೇ ನೋಡೋಣ. ಅಮೆರಿಕದ ದೊಡ್ಡ ನಗರಗಳಲ್ಲಿ ಝೋನಿಂಗ್ ಕಾನೂನು ಇಲ್ಲದ್ದು ಅದೊಂದೇ. 1948, 1962, 1993, ಹೀಗೆ ಮೂರು ಸಲ ಅಲ್ಲಿನ ಮತದಾರರು ಬೇಡ ಅಂದಿದ್ದಾರೆ. ಊರೇನೂ ಮುಳುಗಿ ಹೋಗಲಿಲ್ಲ. 1998ರಲ್ಲಿ ನಗರದ ಒಳಭಾಗದಲ್ಲಿ ಕನಿಷ್ಠ ಸೈಟಿನ ಅಳತೆಯನ್ನು 1,400 ಚದರಡಿ ತನಕ ಇಳಿಸಿದ ಮೇಲೆ, ಒಂದು ಹಳೇ ಮನೆ ಇದ್ದ ಕಡೆ ಎರಡು ಮೂರು ಮನೆ ಎದ್ದವು. ನಮ್ಮ ಮೂವತ್ತು-ನಲವತ್ತಕ್ಕಿಂತ ಅದು ಇನ್ನೂ ದೊಡ್ಡದೇ ಅನ್ನೋದು ಬೇರೆ ಮಾತು. ಇಲ್ಲೀತನಕ ನನ್ನ ಗೆಳೆಯ ಹೇಳೋದು ನಿಜ.

ಆದರೆ ಅವನು ಹೇಳದೇ ಬಿಟ್ಟಿದ್ದು ಎರಡಿವೆ. ಮೊದಲನೇದು, ಅಲ್ಲಿ ನಿಯಮವೇ ಇಲ್ಲ ಅನ್ನೋದು ಸುಳ್ಳು. ಬಡಾವಣೆ ಮಾಡುವವನು ಕ್ರಯಪತ್ರದಲ್ಲೇ ಷರತ್ತು ಬರೆಸಿರ್ತಾನೆ, ಇಲ್ಲಿ ಅಂಗಡಿ ಕೂಡದು, ಮನೆ ಇಂಥದ್ದೇ ಇರಬೇಕು ಅಂತ. ಆ ಖಾಸಗಿ ಷರತ್ತನ್ನು ಮುರಿದರೆ ನಗರಾಡಳಿತದ ವಕೀಲರೇ ಕೋರ್ಟಿಗೆ ಹೋಗ್ತಾರೆ. ಎರಡನೇದು ನೀರು. ಆ ಊರಿನ ಪಶ್ಚಿಮಕ್ಕೆ ಆಡಿಕ್ಸ್, ಬಾರ್ಕರ್ ಅಂತ ಪ್ರವಾಹ ತಡೆಯೋಕೆ 1940ರ ದಶಕದಲ್ಲಿ ಕಟ್ಟಿದ ಎರಡು ಜಲಾಶಯಗಳಿವೆ. ಮಾಮೂಲಿ ದಿನಗಳಲ್ಲಿ ಒಣಗಿರೋ ಜಾಗ. ದೊಡ್ಡ ಮಳೆ ಬಂದಾಗ ಮಾತ್ರ ತುಂಬುತ್ತೆ. ನೀರು ಎಲ್ಲೀತನಕ ಹರಡಬಹುದೋ ಅಷ್ಟೂ ಜಾಗವನ್ನು ಸರ್ಕಾರ ಕೊಂಡುಕೊಳ್ಳಲಿಲ್ಲ. ಉಳಿದದ್ದರಲ್ಲಿ ಮಾರುಕಟ್ಟೆ ತನ್ನ ಪಾಡಿಗೆ ಬಡಾವಣೆ ಮಾಡಿತು. 2017ರ ಆಗಸ್ಟ್‌ನಲ್ಲಿ ಹಾರ್ವೆ ಚಂಡಮಾರುತ ಬಂದಾಗ ನೀರು ತನ್ನ ಜಾಗಕ್ಕೆ ಬಂತು, ಅಲ್ಲಿ ಸಾವಿರಾರು ಮನೆಗಳಿದ್ದವು. ಎಷ್ಟೋ ಜನಕ್ಕೆ ತಮ್ಮ ಮನೆ ಜಲಾಶಯದ ಹೊಟ್ಟೆಯೊಳಗಿದೆ ಅನ್ನೋದೇ ಗೊತ್ತಿರಲಿಲ್ಲ. 2019ರಲ್ಲಿ ಕೋರ್ಟು ಅಮೆರಿಕ ಸರ್ಕಾರವನ್ನೇ ಹೊಣೆ ಮಾಡಿತು. ಅಂದರೆ ಲಾಭ ಬಿಲ್ಡರದ್ದು, ಪರಿಹಾರದ ಹೊರೆ ತೆರಿಗೆದಾರನದ್ದು. ಇದ್ಯಾವ ಸೀಮೆ ಮುಕ್ತ ಮಾರುಕಟ್ಟೆ?

ಹ್ಯೂಸ್ಟನ್ನಿನ ಈ ಎರಡು ಮುಖ ಮತ್ತೆ ನನ್ನ ಬೀದಿಯ ಎರಡು ತುದಿ, ಎರಡೂ ಒಂದೇ ಕತೆ. ಅಂಗಡಿ ಎಲ್ಲಿರಬೇಕು, ಮನೆ ಎಷ್ಟು ಅಗಲ ಇರಬೇಕು ಅನ್ನೋದನ್ನು ಜನರಿಗೇ ಬಿಟ್ಟರೆ ಆಕಾಶ ಕಳಚಿ ಬೀಳೋದಿಲ್ಲ. ನೀರಿನ ದಾರಿಯನ್ನು ಬಿಟ್ಟರೆ ಮಾತ್ರ ಬೀಳುತ್ತೆ. ಯಾಕೆ ಹೀಗೆ?

ರೊನಾಲ್ಡ್ ಕೋಸ್ ಅನ್ನೋ ಅರ್ಥಶಾಸ್ತ್ರಜ್ಞ 1960ರಲ್ಲಿ ಒಂದು ಪ್ರಬಂಧ ಬರೆದ. ಮುಂದೆ ಅವನಿಗೆ ನೊಬೆಲ್ ಬಂತು. ಅವನ ವಾದವನ್ನು ನಮ್ಮ ಹಾಲಿನ ಬೂತಿನ ಭಾಷೆಯಲ್ಲಿ ಹೇಳೋದಾದರೆ ಇಷ್ಟು: ಒಬ್ಬನಿಂದ ಇನ್ನೊಬ್ಬನಿಗೆ ತೊಂದರೆ ಆದಾಗ, ಇಬ್ಬರೂ ಕೂತು ಮಾತಾಡೋದು ಸುಲಭವಾಗಿದ್ದರೆ, ಮಾತಲ್ಲೇ ಬಗೆಹರಿಯುತ್ತೆ. ಮಾತಾಡೋದೇ ದುಬಾರಿಯಾದಾಗ ಕಾನೂನು ಯಾರ ಕಡೆ ನಿಲ್ಲುತ್ತೆ ಅನ್ನೋದು ಮುಖ್ಯ ಆಗುತ್ತೆ. ಅಕ್ಕ ಹೇಳಿದ್ದೂ ಅದನ್ನೇ ಅಲ್ಲವೇ? ಬೈಕಿನ ತೊಂದರೆ ಒಂದು ಮಾತಿನಲ್ಲಿ ಮುಗಿಯೋದಿತ್ತು. ನಾನು ಅವರ ಮನೆ ಬಾಗಿಲಿಗೆ ನಾಲ್ಕು ಹೆಜ್ಜೆ ನಡೆಯೋ ಬದಲು ಸರ್ಕಾರವನ್ನು ಕರೆಸಿದೆ.

ಕಾಲುವೆಯ ಕತೆ ಹಾಗಲ್ಲ. ಸೈಟು ಮಾರೋನು, ಕೊಳ್ಳೋನು ಇಬ್ಬರೂ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿ, ಫೋಟೊ ತೆಗೆಸಿಕೊಂಡು ಖುಷಿಯಾಗಿ ಹೊರಗೆ ಬರ್ತಾರೆ. ಕೆಳಗಿನ ಅಡ್ಡರಸ್ತೆಯವನು ಆ ಕಚೇರಿಯಲ್ಲಿ ಇರೋದಿಲ್ಲ. ಅವನು ಯಾರು ಅಂತ ಇವರಿಗೆ ಗೊತ್ತಿಲ್ಲ, ಇವರು ಯಾರು ಅಂತ ಅವನಿಗೆ ಗೊತ್ತಿಲ್ಲ. ಹತ್ತು ವರ್ಷ ಬಿಟ್ಟು ಅಲ್ಲಿಗೆ ಬಾಡಿಗೆಗೆ ಬರೋ ಸಂಸಾರ ಇನ್ನೂ ಊರಲ್ಲೇ ಇದೆ. ಇವರೆಲ್ಲ ಎಲ್ಲಿ ಕೂತು ಮಾತಾಡಬೇಕು? ಮಾರುಕಟ್ಟೆಯಲ್ಲಿ ಬೆಲೆ ಅನ್ನೋದು ಇಬ್ಬರ ನಡುವಿನ ಮಾತು. ಮೂರನೆಯವನ ನಡುಮನೆಗೆ ನುಗ್ಗೋ ನೀರು ಆ ಬೆಲೆಯಲ್ಲಿ ಸೇರಿರೋದಿಲ್ಲ.

ಹಾಗಾಗಿ ನನ್ನ ಸೂತ್ರ ಸರಳ. ಮಾತಾಡಿ ಮುಗಿಸಬಹುದಾದ್ದಕ್ಕೆ ವಲಯ ಕಾನೂನು ಬೇಡ. ಮಾತಾಡೋಕೆ ಎದುರಿಗೆ ಜನವೇ ಇಲ್ಲದ ಕಡೆ ಕಾನೂನು ಬೇಕೇ ಬೇಕು, ಅದೂ ಕಬ್ಬಿಣದ ಹಾಗೆ. ನಾವು ಮಾಡಿಕೊಂಡಿರೋದು ಸರಿಯಾಗಿ ಇದರ ಉಲ್ಟಾ.

ಬೆಂಗಳೂರು ಗುಡ್ಡದ ಮೇಲಿನ ಊರು. ಇಲ್ಲಿ ನದಿ ಹರಿದು ಬರೋದಿಲ್ಲ. ಬಿದ್ದ ಮಳೆ ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ, ವೃಷಭಾವತಿ ಈ ಮೂರು ಕಣಿವೆಗಳಲ್ಲಿ ಇಳಿದು ಹೋಗುತ್ತೆ. ನಮ್ಮ ಹಿರಿಯರು ಆ ಇಳಿಜಾರಿನ ಉದ್ದಕ್ಕೂ ಕೆರೆ ಕಟ್ಟಿ, ಒಂದರ ಕೋಡಿ ಇನ್ನೊಂದಕ್ಕೆ ಸೇರೋ ಹಾಗೆ ಕಾಲುವೆ ಮಾಡಿದರು. ಅವರಿಗೆ ಗೊತ್ತಿದ್ದ ಝೋನಿಂಗ್ ಅದು. ಆಮೇಲೆ ನಾವು ಏನು ಮಾಡಿದ್ವಿ? ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯ್ತು. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯ್ತು. ಅಕ್ಕಿತಿಮ್ಮನಹಳ್ಳಿ ಕೆರೆಯಲ್ಲಿ ಹಾಕಿ ಆಡ್ತೀವಿ. ಇವನ್ನೆಲ್ಲ ಮಾಡಿದ್ದು ದುರಾಸೆಯ ಬಿಲ್ಡರ್ ಅಲ್ಲ ಸ್ವಾಮಿ, ಸರ್ಕಾರವೇ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಕಡೆ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಂದ ಜನರನ್ನು ಟ್ರ್ಯಾಕ್ಟರಿನಲ್ಲಿ ಹೊರಗೆ ತಂದಿದ್ದನ್ನು ದೇಶವೆಲ್ಲ ಟೀವಿಯಲ್ಲಿ ನೋಡಿತು. ಆ ವಿಲ್ಲಾಗಳಲ್ಲಿ ಯಾರೂ ಮೆಸ್ ನಡೆಸ್ತಿರಲಿಲ್ಲ. ಅಪ್ಪಟ ವಸತಿ.

ನಿಯಮ ಇಲ್ಲವೇ? ಇದೆ. ಊರು ಇವತ್ತಿಗೂ 2015ಕ್ಕೆ ಅಂತ ಮಾಡಿದ, 2007ರಲ್ಲಿ ಒಪ್ಪಿಗೆ ಸಿಕ್ಕ ಮಾಸ್ಟರ್ ಪ್ಲಾನಿನ ಮೇಲೇ ನಡೀತಿದೆ. ಅದರ ಪ್ರಕಾರ ಕೆರೆಯ ಸುತ್ತ 30 ಮೀಟರ್, ರಾಜಕಾಲುವೆಯ ದರ್ಜೆ ನೋಡಿಕೊಂಡು 50, 25, 15 ಮೀಟರ್ ಬಿಡಬೇಕು. 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆಗೆ 75 ಮೀಟರ್ ಅಂದಿತು. 2019ರಲ್ಲಿ ಸುಪ್ರೀಂ ಕೋರ್ಟು ಅದನ್ನು ತೆಗೆದುಹಾಕಿ ಮಾಸ್ಟರ್ ಪ್ಲಾನಿನ ಅಳತೆಗೇ ವಾಪಸ್ ಕಳಿಸಿತು. 75 ಬೇಕೋ 30 ಸಾಕೋ ಅಂತ ಮೂರು ವರ್ಷ ದೊಡ್ಡ ದೊಡ್ಡ ವಕೀಲರು ವಾದ ಮಾಡಿದರು. ನಮ್ಮ ಬೀದಿಯ ಕಾಲುವೆಗೆ ಸಿಕ್ಕಿದ್ದು ಸೊನ್ನೆ ಮೀಟರ್.

ಈಗ ನಮ್ಮ ಕಾರ್ಯದರ್ಶಿಗಳ ಕಡೆ ತಿರುಗ್ತೀನಿ. ಅವರ ವಾದ ಏನು? ಎಲ್ಲದಕ್ಕೂ ಒಂದು ಜಾಗ, ಎಲ್ಲವೂ ಅದರದರ ಜಾಗದಲ್ಲಿ. ಕೇಳೋಕೆ ಚೆನ್ನಾಗಿದೆ. ಆದರೆ ಈ ಮಾತನ್ನು ನಾವು ಬಹಳ ಹಿಂದಿನಿಂದ ಕೇಳಿಕೊಂಡು ಬಂದಿದ್ದೀವಿ. ನಮ್ಮ ಹಳ್ಳಿಗಳಲ್ಲಿ ಝೋನಿಂಗ್ ಯಾವಾಗಲೂ ಇತ್ತು. ಅದಕ್ಕೆ ಕೇರಿ ಅಂತ ಹೆಸರು. ಮೇಲಿನ ಕೇರಿ, ಕೆಳಗಿನ ಕೇರಿ, ಅಗ್ರಹಾರ, ಊರ ಹೊರಗೆ ಇನ್ನೊಂದು. ಯಾರು ಎಲ್ಲಿ ಇರಬೇಕು ಅನ್ನೋದಕ್ಕೆ ನಕ್ಷೆ ಬೇಕಾಗಿರಲಿಲ್ಲ, ಎಲ್ಲರಿಗೂ ಬಾಯಿಪಾಠ ಆಗಿತ್ತು.

ನಕ್ಷೆ ಮಾಡಿ ಬಣ್ಣ ಹಚ್ಚಿದ ದೇಶದ ಕತೆಯೂ ಬಹಳ ಬೇರೆ ಅಲ್ಲ. 1910ರಲ್ಲಿ ಬಾಲ್ಟಿಮೋರ್ ನಗರ ಯಾವ ಬೀದಿಯಲ್ಲಿ ಕರಿಯರು, ಯಾವುದರಲ್ಲಿ ಬಿಳಿಯರು ಇರಬೇಕು ಅಂತ ಕಾನೂನನ್ನೇ ಮಾಡಿತು. ಲೂಯಿವಿಲ್‌ನ ಅಂಥದ್ದೇ ಕಾನೂನನ್ನು 1917ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಹೊಡೆದುಹಾಕಿತು. 1916ರಲ್ಲಿ ನ್ಯೂಯಾರ್ಕ್ ಇಡೀ ನಗರಕ್ಕೆ ಝೋನಿಂಗ್ ತಂದಾಗ, ಹಿಂದಿನ ವರ್ಷ ಎದ್ದಿದ್ದ ಈಕ್ವಿಟಬಲ್ ಕಟ್ಟಡ ಬೀದಿಯ ಬೆಳಕನ್ನೆಲ್ಲ ನುಂಗಿತ್ತು ಅನ್ನೋದು ಒಂದು ಕಾರಣ. ನಿಜವಾದ ಕಾರಣವೇ ಅದು. ಇನ್ನೊಂದು ಕಾರಣ, ಫಿಫ್ತ್ ಅವೆನ್ಯೂದ ದುಬಾರಿ ಅಂಗಡಿಗಳ ಮಾಲೀಕರಿಗೆ ಮಧ್ಯಾಹ್ನ ಊಟದ ಬಿಡುವಿನಲ್ಲಿ ಗಾರ್ಮೆಂಟ್ ಕಾರ್ಮಿಕರು ತಮ್ಮ ಅಂಗಡಿಗಳ ಮುಂದೆ ಓಡಾಡೋದು ಇಷ್ಟ ಇರಲಿಲ್ಲ. 1926ರ ಯೂಕ್ಲಿಡ್ ಪ್ರಕರಣದಲ್ಲಿ ಝೋನಿಂಗನ್ನು ಎತ್ತಿ ಹಿಡಿದ ನ್ಯಾಯಾಧೀಶರು, ಒಂಟಿ ಮನೆಗಳ ಬೀದಿಯಲ್ಲಿ ಅಪಾರ್ಟ್‌ಮೆಂಟ್ ಅನ್ನೋದು ಬಂದಳಿಕೆ ಇದ್ದ ಹಾಗೆ ಅನ್ನೋ ಅರ್ಥದ ಮಾತು ಬರೆದರು. ಬಾಡಿಗೆಗೆ ಇರೋರು ಬಂದಳಿಕೆ! ನಮ್ಮ ಸಂಘದ ಸಭೆಗಳಲ್ಲಿ "ಈ ಪೀಜಿ ಹುಡುಗರು" ಅಂತ ಹೇಳುವಾಗ ಬರೋ ಸ್ವರವನ್ನು ಒಂದ್ಸಲ ಗಮನ ಇಟ್ಟು ಕೇಳಿ, ಅದೇ ಮಾತು ಕೇಳುತ್ತೆ. ನಾನೂ ಅದೇ ಸ್ವರದಲ್ಲಿ ಮಾತಾಡಿದ್ದೀನಿ.

ಅಲ್ಲಾ, ಬೆಂಗಳೂರಿನ ಪೇಟೆ ಬೆಳೆದಿದ್ದು ಹೇಗೆ ಅಂದ್ಕೊಂಡ್ರಿ? ಬಳೆಪೇಟೆ, ಅಕ್ಕಿಪೇಟೆ, ಅರಳೆಪೇಟೆ, ಕುಂಬಾರಪೇಟೆ. ಕೆಳಗೆ ಅಂಗಡಿ, ಮೇಲೆ ಮನೆ. ಮೆಟ್ಟಿಲು ಇಳಿದರೆ ದುಡಿಮೆ, ಹತ್ತಿದರೆ ಸಂಸಾರ. ಇವತ್ತು ಎಲೆಕ್ಟ್ರಾನಿಕ್ಸ್ ಎಲ್ಲೋ, ಮನೆ ಎಲ್ಲೋ, ಮಗುವಿನ ಸ್ಕೂಲು ಇನ್ನೆಲ್ಲೋ. ನಡುವೆ ಸಿಲ್ಕ್ ಬೋರ್ಡು. ಎಲ್ಲವನ್ನೂ ಅದರದರ ಜಾಗದಲ್ಲಿ ಇಟ್ಟ ಮೇಲೆ ನಾವು ದಿನಾ ಎರಡು ಗಂಟೆ ರಸ್ತೆಯಲ್ಲಿ ಇರ್ತೀವಿ.

ಇನ್ನೊಂದು ಮಾತು. ಯಾರೂ ಪಾಲಿಸಲಾಗದ ನಿಯಮ ಮಾಡಿದರೆ ಅದು ನಿಯಮವಾಗಿ ಉಳಿಯೋದಿಲ್ಲ, ದರಪಟ್ಟಿ ಆಗುತ್ತೆ. ವಸತಿ ವಲಯದಲ್ಲಿ ಸಣ್ಣ ಅಂಗಡಿಗೆ ಅವಕಾಶವೇ ಇಲ್ಲ ಅಂತಲ್ಲ. ರಸ್ತೆ ಇಷ್ಟು ಅಗಲ, ಜಾಗ ಇಷ್ಟೇ ಅಂತ ಷರತ್ತುಗಳಿವೆ. ಆ ಷರತ್ತು ಓದಿ, ಅರ್ಥ ಮಾಡ್ಕೊಂಡು, ಪರವಾನಗಿ ತಗೊಳ್ಳೋ ಹೊತ್ತಿಗೆ ಟೈಲರ್ ಬದುಕೇ ಮುಗಿದಿರುತ್ತೆ. ಅವನು ತಿಂಗಳಿಗಿಷ್ಟು ಅಂತ ಕೊಟ್ಟು ಸುಮ್ಮನಾಗ್ತಾನೆ. ದೊಡ್ಡವನಿಗೆ ಭೂಬಳಕೆ ಬದಲಾವಣೆ ಅನ್ನೋ ಅಧಿಕೃತ ದಾರಿಯೇ ಇದೆ. ನಕ್ಷೆಯ ಬಣ್ಣವನ್ನೇ ಬದಲಾಯಿಸಿಕೊಂಡು ಬರ್ತಾನೆ. ಅಂದರೆ ನಮ್ಮೂರಲ್ಲಿ ಮಾರುಕಟ್ಟೆ ಇದ್ದೇ ಇದೆ, ಭಾರೀ ಮುಕ್ತವಾಗೇ ಇದೆ. ಅಲ್ಲಿ ಮಾರಾಟ ಆಗೋ ಸರಕು ವಿನಾಯಿತಿ.

ದಿಲ್ಲಿಯಲ್ಲಿ 2006ರಲ್ಲಿ ಏನಾಯ್ತು ನೆನಪಿಸಿಕೊಳ್ಳಿ. ಸುಪ್ರೀಂ ಕೋರ್ಟಿನ ಆದೇಶದ ಮೇಲೆ ವಸತಿ ಪ್ರದೇಶದ ಅಂಗಡಿಗಳಿಗೆ ಬೀಗಮುದ್ರೆ ಬಿತ್ತು. ಲಕ್ಷಾಂತರ ಜನರ ಅನ್ನದ ಪ್ರಶ್ನೆ. ಸೆಪ್ಟೆಂಬರ್‌ನಲ್ಲಿ ಸೀಲಂಪುರದಲ್ಲಿ ಪ್ರತಿಭಟನೆ, ಪೊಲೀಸರ ಗುಂಡು, ಸಾವು. ಕೊನೆಗೆ ಸಾವಿರಕ್ಕೂ ಮಿಕ್ಕಿ ರಸ್ತೆಗಳಲ್ಲಿ ಮನೆ-ಅಂಗಡಿ ಒಟ್ಟಿಗೆ ಇರಬಹುದು ಅಂತ ಸರ್ಕಾರವೇ ಒಪ್ಪಿಕೊಂಡಿತು. ಮೊದಲೇ ಒಪ್ಪಿದ್ದರೆ ಹೆಣ ಬೀಳ್ತಿರಲಿಲ್ಲ. ನಮ್ಮ ಅಕ್ರಮ-ಸಕ್ರಮವೂ ಇದೇ ಜಾಡಿನದು: ವಸತಿ ಕಟ್ಟಡದಲ್ಲಿ ಶೇ. 50ರವರೆಗೆ ನಿಯಮ ಮುರಿದಿದ್ದರೂ ದಂಡ ಕಟ್ಟಿ ಸಕ್ರಮ ಮಾಡ್ಕೊಳ್ಳಿ ಅನ್ನೋ ಯೋಜನೆ. 2017ರಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ಅರ್ಧದಷ್ಟು ಮುರಿದರೂ ಪರವಾಗಿಲ್ಲ ಅನ್ನಬೇಕಾಗಿ ಬಂದರೆ, ಆ ನಿಯಮ ಬರೆದವನ ತಲೆಯಲ್ಲೇ ಏನೋ ಐಬು ಇರಬೇಕು.

"ಹಾಗಾದ್ರೆ ನನ್ನ ಪಕ್ಕದ ಮನೆಯಲ್ಲಿ ಪಬ್ ಬಂದರೆ?" ಅಂತ ಕೇಳ್ತೀರಿ. ಕೇಳಲೇಬೇಕಾದ ಪ್ರಶ್ನೆ. ನಾಲ್ಕು ಹೆಜ್ಜೆ ನಡೆದು ಹೇಳಿದರೂ ಕೇಳದವರು ಇರ್ತಾರೆ. ಅವರಿಗೆ ನನ್ನ ಉತ್ತರ: ಸದ್ದನ್ನು ಹಿಡೀರಿ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 45 ಡೆಸಿಬೆಲ್ ಮೀರೋ ಹಾಗಿಲ್ಲ. ಅದೂ ಒಂಥರಾ ಝೋನಿಂಗೇ ಅಲ್ವಾ ಅಂದರೆ, ಹೌದು. ಆದರೆ ಅದು ಅಳೆಯೋದು ಸದ್ದನ್ನು, ಬಾಗಿಲ ಮೇಲಿನ ಬೋರ್ಡನ್ನಲ್ಲ. ಪಬ್ಬಿಗೂ ಅದೇ ಮಿತಿ, ಮದುವೆ ಮನೆಗೂ ಅದೇ ಮಿತಿ, ಮೈಕಿನಲ್ಲಿ ಭಜನೆ ಹಾಕೋ ನಮ್ಮ ಸಂಘಕ್ಕೂ ಅದೇ ಮಿತಿ. ಆ ಮೆಸ್ಸಿನಲ್ಲಿ ಯಾವ ಸದ್ದಿತ್ತು? ತಟ್ಟೆ-ಲೋಟದ್ದು.

ಹಾಗಂತ ಎಲ್ಲ ಗೆರೆಯನ್ನೂ ಅಳಿಸಿ ಅನ್ನೋನಲ್ಲ ನಾನು. 1984ರ ಭೋಪಾಲ್ ಮರೆತರೆ ನಾವು ಮನುಷ್ಯರಲ್ಲ. ವಿಷ ಇಟ್ಟುಕೊಂಡ ಕಾರ್ಖಾನೆಯ ಗೋಡೆಯಾಚೆಗೇ ಬಡವರ ಗುಡಿಸಲುಗಳಿದ್ದವು. ಅಲ್ಲಿ ಯಾವ ಚೌಕಾಸಿ ಸಾಧ್ಯವಿತ್ತು? ಅನಿಲ ಸೋರೋ ರಾತ್ರಿ ಯಾರೂ ಬಂದು ಮಾತಾಡೋದಿಲ್ಲ. ಹಾಗಾಗಿ ಎರಡು ಗೆರೆ ಇರಲಿ. ನೀರು ಹರಿಯೋ, ನಿಲ್ಲೋ ಜಾಗದಲ್ಲಿ ಯಾರೂ ಏನೂ ಕಟ್ಟಕೂಡದು, ಸರ್ಕಾರವೂ ಕಟ್ಟಕೂಡದು. ವಿಷ, ಬೆಂಕಿ, ಸ್ಫೋಟದ ಉದ್ಯಮದ ಹತ್ತಿರ ಜನ ಮಲಗಕೂಡದು. ಈ ಎರಡಕ್ಕೆ ವಿನಾಯಿತಿ ಇಲ್ಲ, ದಂಡ ಕಟ್ಟಿ ಸಕ್ರಮ ಇಲ್ಲ, ಬಣ್ಣ ಬದಲಾವಣೆ ಇಲ್ಲ. ಉಳಿದದ್ದನ್ನು ಬೀದಿಗೆ ಬಿಡಿ. ಹತ್ತಾರು ಗೆರೆ ಎಳೆದು ಒಂದನ್ನೂ ಕಾಯದೇ ಇರೋದಕ್ಕಿಂತ, ಎರಡು ಗೆರೆ ಎಳೆದು ಎರಡನ್ನೂ ಕಾಯೋದು ಮೇಲು. ನನ್ನ ಗೆಳೆಯ ಈ ಎರಡನ್ನು ಒಪ್ಪಬೇಕು, ಕಾರ್ಯದರ್ಶಿಗಳು ಉಳಿದದ್ದನ್ನು ಬಿಟ್ಟುಕೊಡಬೇಕು. ಇಬ್ಬರಿಗೂ ಕಷ್ಟ ಆಗುತ್ತೆ ಅಂತ ಗೊತ್ತು.

ಅಕ್ಕನ ಗ್ಯಾರೇಜಿನಲ್ಲಿ ಈಗ ಬಾಡಿಗೆಗೆ ಬೇರೆಯವರ ಕಾರು ನಿಲ್ಲುತ್ತೆ. ಅವರು ಎರಡು ಸ್ಟಾಪ್ ದೂರದ ಒಂದು ಪೀಜಿಯಲ್ಲಿ ಸಂಬಳಕ್ಕೆ ಅಡುಗೆ ಮಾಡ್ತಾರೆ. ಬೀದಿಗೆ ಶಾಂತಿ ಬಂತೇ? ಮೆಸ್ಸಿನಲ್ಲಿ ಉಣ್ತಿದ್ದ ಹುಡುಗರು ಈಗ ಮೊಬೈಲಿನಲ್ಲಿ ಊಟ ತರಿಸ್ತಾರೆ. ಮಧ್ಯರಾತ್ರಿವರೆಗೆ ಡೆಲಿವರಿ ಬೈಕುಗಳು ಬರ್ತಾನೇ ಇರ್ತವೆ, ಬಾಗಿಲು ಹುಡುಕ್ತಾ ಸರಿಯಾಗಿ ನಮ್ಮ ಗೇಟಿಗೇ ಅಡ್ಡ ನಿಲ್ತವೆ. ಅಡುಗೆ ಮನೆ ಎಲ್ಲಿದೆ ಅಂತ ಗೊತ್ತಿಲ್ಲ, ಯಾರಿಗೆ ಹೇಳಬೇಕು ಅಂತಲೂ ಗೊತ್ತಿಲ್ಲ. ನಾಲ್ಕು ಮನೆ ಆಚೆ ಇದ್ದವರ ಹತ್ತಿರ ಮಾತಾಡೋ ಅವಕಾಶವನ್ನು ನಾನೇ ಸಹಿ ಹಾಕಿ ಕಳಕೊಂಡೆ.

ಹೋದ ತಿಂಗಳು ಕಾರ್ಯದರ್ಶಿಗಳು ಮತ್ತೆ ಬಂದಿದ್ದರು. ಹಿಂದಿನ ಬೀದಿಯಲ್ಲಿ ಯಾರೋ ಮನೆಯಲ್ಲೇ ಟ್ಯೂಷನ್ ಶುರು ಮಾಡಿದ್ದಾರಂತೆ, ಸಂಜೆ ಮಕ್ಕಳ ಗಲಾಟೆಯಂತೆ. ಕಾಗದ ಮುಂದಿಟ್ಟರು. ನಾನು ಪೆನ್ನು ಮುಟ್ಟಲಿಲ್ಲ. "ಸಾರ್, ಮೊದಲು ಅವರ ಮನೆಗೆ ಹೋಗಿ ಮಾತಾಡಿದ್ರಾ?" ಅಂದೆ. ಇಲ್ಲ ಅಂದರು. "ಹಾಗಾದ್ರೆ ಬನ್ನಿ, ನಾನೂ ಬರ್ತೀನಿ. ಅಲ್ಲಿಂದ ಹಾಗೇ ಕಾಲುವೆ ಹತ್ತಿರ ಹೋಗಿ ಬರೋಣ, ಅದಕ್ಕೊಂದು ಅರ್ಜಿ ಬರೀಬೇಕು" ಅಂದೆ.

ಟ್ಯೂಷನ್ ಮನೆಗೆ ಬಂದರು. ಕಾಲುವೆ ಹತ್ತಿರ ಇನ್ನೂ ಬಂದಿಲ್ಲ.